ಮಾಗಡಿ ಕೆರೆಯೋ, ಅಘನಾಶಿನಿಯೋ, ಕಾರವಾರವೋ? ಶಿವರಾತ್ರಿ-ಯುಗಾದಿ ನಡುವೆ ವಲಸೆ ಹಕ್ಕಿ ನೋಡಲು ಹೊರಟವರಿಗೆ

ಸಂಕ್ರಾಂತಿ ಮುಗಿದು ಬಿಸಿಲು ಚುರುಕಾಗುತ್ತಲೇ ಹುಬ್ಬಳ್ಳಿ-ಧಾರವಾಡದಲ್ಲಿ ಹಕ್ಕಿ ಹುಚ್ಚಿನ ನಾಲ್ಕು ಮಂದಿ ಕೂಡಿದರೆ ಅದೇ ಮಾತು: ಈ ರವಿವಾರ ಎಲ್ಲಿಗೆ? ಒಬ್ಬರು ಮಾಗಡಿ ಅಂತಾರೆ, ಇನ್ನೊಬ್ಬರಿಗೆ ಕಡಲೇ ಬೇಕು, ಮೂರನೆಯವರು ಉಣಕಲ್ ಕೆರೆ ಸಾಕು ಬಿಡ್ರಿ ಎಂದು ಚಹಾ ಮುಗಿಸುತ್ತಾರೆ. ನಮ್ಮ ಊರು ನಿಂತಿರುವ ಜಾಗವೇ ಈ ಜಗಳಕ್ಕೆ ಕಾರಣ. ಪೂರ್ವಕ್ಕೆ ಎರಡು ತಾಸು ಹೋದರೆ ಬಾತುಗಳ ಕೆರೆ, ಪಶ್ಚಿಮಕ್ಕೆ ನಾಲ್ಕು ತಾಸು ಘಟ್ಟ ಇಳಿದರೆ ಅರಬ್ಬಿ ಸಮುದ್ರ. ಎರಡೂ ಕಡೆ ವಲಸೆ ಹಕ್ಕಿಗಳಿಗೆ ಈ ಕಾಲದಲ್ಲಿ ಉತ್ತರಕ್ಕೆ ಹೊರಡುವ ಗಡಿಬಿಡಿ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ದಾರಿ. ಫೆಬ್ರುವರಿ ಮುಗಿಯುವುದರೊಳಗೆ ಹೋಗುವುದಾದರೆ ಮಾಗಡಿ. ಮಾರ್ಚ್ ಎರಡನೇ ವಾರ ದಾಟಿದ ಮೇಲಾದರೆ ಕಡಲು. ಹೆಬ್ಬಾತು, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳು ಬೇಗ ಗಂಟುಮೂಟೆ ಕಟ್ಟುತ್ತವೆ. ಫೆಬ್ರುವರಿ ಕೊನೆಯಿಂದಲೇ ಗುಂಪು ತೆಳುವಾಗತೊಡಗಿ, ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಉಳಿಯುವುದು ಹೆಚ್ಚಾಗಿ ಊರ ಹಕ್ಕಿಗಳೇ. ಕಡಲಕ್ಕಿ (ಗಲ್), ರೀವ (ಟರ್ನ್), ಕೆಸರಿನಲ್ಲಿ ಕೊಕ್ಕು ಚುಚ್ಚಿ ಮೇಯುವ ಗೊರವಗಳದು ಸಾವಕಾಶದ ಸಂಸಾರ. ಮಾರ್ಚ್ ತುಂಬ ಇರುತ್ತವೆ, ಏಪ್ರಿಲ್‌ನಲ್ಲೂ ಸಿಗುತ್ತವೆ, ಸಾಲದ್ದಕ್ಕೆ ಹೋಗುವ ಮುಂಚೆ ಹೊಸ ಬಟ್ಟೆ, ಅಂದರೆ ಮರಿ ಮಾಡುವ ಕಾಲದ ಬಣ್ಣದ ಗರಿ, ಬೇರೆ ಹಾಕಿಕೊಳ್ಳುತ್ತವೆ. ಅಂದರೆ ಕೆರೆಯ ಭೇಟಿಯನ್ನು ಮುಂದೂಡಿದಷ್ಟೂ ನಷ್ಟ, ಕಡಲಿನ ಭೇಟಿಯನ್ನು ಒಂದಿಷ್ಟು ಮುಂದೂಡಿದರೆ ಲಾಭ.

‘ಶಿವರಾತ್ರಿಗೆ ಮಾಗಡಿ, ಹೋಳಿಯಾದ ಮೇಲೆ ಕಡಲು’ ಎಂದು ಬಾಯಿಲೆಕ್ಕ ಇಟ್ಟುಕೊಳ್ಳಬಹುದು, ಆದರೆ ಹಬ್ಬವನ್ನು ಪೂರ್ತಿ ನಂಬಬೇಡಿ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಿತ್ತು, 2026ರಲ್ಲಿ ಫೆಬ್ರುವರಿ 15ಕ್ಕೆ. ಅಧಿಕ ಮಾಸದ ಸುತ್ತು ಹಕ್ಕಿಗಳಿಗೆ ಗೊತ್ತಿಲ್ಲ. ಶಿವರಾತ್ರಿ ಮಾರ್ಚ್‌ಗೆ ಸರಿದ ವರ್ಷ ಅದರ ದಾರಿ ಕಾಯದೆ ಮಾಗಡಿಗೆ ಮೊದಲೇ ಹೋಗಿಬನ್ನಿ.

ಮಾಗಡಿ ಕೆರೆ: ಕಡಿಮೆ ಖರ್ಚು, ತುಂಬಿದ ಕಣ್ಣು

ಇದು ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ. ಬೆಂಗಳೂರು ಕಡೆಯ ಮಾಗಡಿ ಅಲ್ಲ. ಗದಗಿನಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಮಳೆನೀರು ಹಿಡಿದು ಹೊಲಕ್ಕೆ ಕೊಡಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿ ಇಲ್ಲಿ ಇಳಿಯುತ್ತವೆ ಎನ್ನುವುದು ಸರ್ಕಾರಿ ಲೆಕ್ಕ. 166 ಜಾತಿಯ ಹಕ್ಕಿಗಳು ದಾಖಲಾಗಿದ್ದು ಅವುಗಳಲ್ಲಿ 130 ವಲಸೆಯವು. ಸಂರಕ್ಷಣಾ ಮೀಸಲು ಪ್ರದೇಶವಾಗಿದ್ದ ಕೆರೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆಯೂ, ಬಂತು. ಅದೇ ಸಲ ರಾಜ್ಯದಿಂದ ಪಟ್ಟಿ ಸೇರಿದ್ದು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ. ಅದಕ್ಕೂ ಮುಂಚೆ ರಾಜ್ಯದಲ್ಲಿ ರಂಗನತಿಟ್ಟು ಒಂದೇ ಇತ್ತು. ಹುಬ್ಬಳ್ಳಿಯಲ್ಲಿ ಕುಳಿತವರಿಗೆ ಈ ಪಟ್ಟಿಯ ಎರಡು ಜಾಗ ತಲಾ ಒಂದೊಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರ ಎನ್ನುವುದು ಸಣ್ಣ ಮಾತಲ್ಲ.

ಇಲ್ಲಿಯ ದೊರೆ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ. ಮೇಲಿನದು ಕಣ್ಣಿಂದ ಕಣ್ಣಿಗೆ ಸುತ್ತಿಕೊಂಡಿರುತ್ತದೆ, ಕೆಳಗಿನದು ಅದಕ್ಕಿಂತ ಗಿಡ್ಡ. ಕೊಕ್ಕು, ಕಾಲು ಕಿತ್ತಳೆ-ಹಳದಿ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬರುತ್ತದೆ. ಜಿಪಿಎಸ್ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳಿಗೆ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಸಿಕ್ಕಿತ್ತು. ಅದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ, ಮೇಯುವ ಹಕ್ಕಿ. ಕೆರೆ ಅದಕ್ಕೆ ಹಗಲಿನ ವಸತಿ, ಊಟ ಸುತ್ತಲಿನ ಹೊಲಗಳಲ್ಲಿ. ಕತ್ತಲಲ್ಲಿ, ನಸುಕಿನಲ್ಲಿ ಮೇಯ್ದು ಬಿಸಿಲೇರುವ ಮುನ್ನ ನೀರಿಗೆ ಮರಳುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಆರಾಮಾಗಿ ಬಂದವರಿಗೆ ಕಾಣುವುದು ನಡುನೀರಿನಲ್ಲಿ ತೂಕಡಿಸುವ ಬೂದು ಚುಕ್ಕೆಗಳು. ಆರೂವರೆಗೆ ದಂಡೆಯ ಮೇಲೆ ನಿಂತವರಿಗೆ ಮೊದಲು ದನಿ ಕೇಳುತ್ತದೆ, ಮೂಗಿನಿಂದ ಎಳೆದಂಥ ‘ಆಂಗ್, ಆಂಗ್’. ಆಮೇಲೆ ಒಂದೊಂದೇ ಸಾಲು ಹೊಲದ ಕಡೆಯಿಂದ ಏರಿ ಬರುತ್ತದೆ. ಕೆರೆಯ ಮೇಲೆ ಬಂದದ್ದೇ ಸಾಲು ಒಡೆಯುತ್ತದೆ. ಕೆಲವು ಹೆಬ್ಬಾತುಗಳು ಮೈ ಓರೆ ಮಾಡಿ, ರೆಕ್ಕೆಯಿಂದ ಗಾಳಿ ಸುರಿದುಬಿಟ್ಟವರಂತೆ ಅಡ್ಡಾದಿಡ್ಡಿ ಜಾರಿ, ಕೊನೆಯ ಗಳಿಗೆಯಲ್ಲಿ ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತವೆ. ಸಂಜೆ ಐದೂವರೆಯಿಂದ ಇದೇ ಆಟ ತಿರುಗಿ ಆಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಬೆಳಗನ್ನು ಹಿಡಿಯುತ್ತೇನೆ. ಸಂಜೆ ಬೆಳಕು ಬೇಗ ಕೈಕೊಡುತ್ತದೆ.

ರೈತರ ಮಾತು ಬಿಡುವಂತಿಲ್ಲ. ಸಾವಿರಾರು ಹೆಬ್ಬಾತು ಬೆಳೆಯಿರುವ ಹೊಲಕ್ಕೆ ಇಳಿದರೆ ನಷ್ಟ ಆಗೇ ಆಗುತ್ತದೆ. ಆದರೂ ಸುತ್ತಲ ಹಳ್ಳಿಯವರು ಇವುಗಳನ್ನು ಸಹಿಸಿಕೊಂಡು ಬಂದಿದ್ದಾರೆ. ನಾವು ಫೋಟೋ ಸಲುವಾಗಿ ಅದೇ ಹೊಲದ ಬದುವಿನ ಮೇಲೆ ಕಾರು ಹತ್ತಿಸಿದರೆ ಅವರು ಬೈಯುವುದರಲ್ಲಿ ತಪ್ಪೇನಿದೆ?

ಕೆರೆಯಲ್ಲಿ ಹೆಬ್ಬಾತಿನ ನಡುವೆ ಬೇರೆಯವರನ್ನೂ ಹುಡುಕಿ. ಮೈಯೆಲ್ಲ ಕೇಸರಿ-ಕಂದು ಇದ್ದು ತಲೆ ಮಾತ್ರ ತಿಳಿಯಾಗಿದ್ದರೆ ಅದು ಬ್ರಾಹ್ಮಿಣಿ ಬಾತು. ಕೊಕ್ಕು ಸಲಿಕೆಯಂತೆ ಅಗಲವಾಗಿ, ನೀರಿನ ಮೇಲ್ಮೈಗೆ ಕೊಕ್ಕು ಹಚ್ಚಿಕೊಂಡೇ ಸುತ್ತುತ್ತಿದ್ದರೆ ಷವೆಲರ್. ದಂಡೆಯ ಕೆಸರಿನಲ್ಲಿ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ಗದ್ದೆ ಗೊರವ. ನಾಮದ ಕೋಳಿ ಹೇಗೂ ಇದ್ದೇ ಇರುತ್ತದೆ.

ಮಾಗಡಿಯ ದೊಡ್ಡ ತೊಂದರೆ ನೀರು. ಮಳೆ ಕೈಕೊಟ್ಟ ವರ್ಷ ಕೆರೆ ಬೇಗ ಬತ್ತಿ ಹಕ್ಕಿಗಳೂ ಬೇಗ ಚದುರುತ್ತವೆ. ಮಳೆ ಜೋರಾದ ವರ್ಷ ಸುತ್ತಲ ಎಲ್ಲ ಕೆರೆಗಳಲ್ಲೂ ನೀರಿರುವುದರಿಂದ ಅವು ಹಂಚಿಹೋಗುತ್ತವೆ. ಆಗ ಹತ್ತಿರದ ಶೆಟ್ಟಿಕೇರಿ ಕೆರೆಯನ್ನೂ ನೋಡಿ ಬರುವುದು ಜಾಣತನ. ಮನೆಯವರನ್ನು ಕರೆದುಕೊಂಡು ಹೋಗುವವರಿಗೆ ಮಾಗಡಿಯೇ ಸಲೀಸು. ಒಂಬತ್ತೂವರೆಗೆ ಹಕ್ಕಿ ಮುಗಿಸಿ, ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ತಿಂದು, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಿ, ಮಧ್ಯಾಹ್ನದ ನಿದ್ದೆಗೆ ಮನೆ ಸೇರಬಹುದು.

ಅಘನಾಶಿನಿ: ಪಂಚಾಂಗ ಹಿಡಿದುಕೊಂಡು ಹೋಗುವ ಜಾಗ

ಕಡಲು ಎಂದ ಕೂಡಲೇ ನಮ್ಮವರು ಬೀಚಿಗೆ ಓಡುತ್ತಾರೆ. ಹಕ್ಕಿ ಬೇಕಾದವರು ನದಿ ಸಮುದ್ರ ಸೇರುವಲ್ಲಿಗೆ ಹೋಗಬೇಕು. ಬರೀ ಮರಳಿನ ಬೀಚಿಗಿಂತ ಅಳಿವೆಯ ಕೆಸರಿನಲ್ಲಿ ಹುಳು, ಏಡಿ, ಚಿಪ್ಪು ಹೆಚ್ಚು; ಊಟ ಇದ್ದಲ್ಲಿ ಉಣ್ಣುವವರು. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ 4,801 ಹೆಕ್ಟೇರ್. ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಆದ್ದರಿಂದ ಘಟ್ಟದ ಮಣ್ಣು ತಡೆಯಿಲ್ಲದೆ ಬಂದು ಸೇರುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಆರಿಸಲು ಇಳಿಯುವ ಹೆಂಗಸರು, ಅವರಿಂದ ಮಾರು ದೂರದಲ್ಲೇ ಕೊಕ್ಕು ಚುಚ್ಚುತ್ತ ಹೋಗುವ ಗೊರವಗಳು.

ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತ ಮುಖ್ಯ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಅರ್ಧ ಮೈಲು ಆಚೆ ಕೆಸರಿನ ಅಂಚಿನಲ್ಲಿ ಹರಡಿರುತ್ತವೆ, ದುರ್ಬೀನಿಗೂ ಸಿಗುವುದಿಲ್ಲ. ಪೂರ್ತಿ ಭರತದಲ್ಲಿ ಕೆಸರೇ ಮುಳುಗಿ, ಎಲ್ಲೋ ಒಂದು ದಿಬ್ಬದ ಮೇಲೆ ಒತ್ತೊತ್ತಾಗಿ ನಿದ್ದೆ ಮಾಡುತ್ತವೆ. ನಮಗೆ ಬೇಕಾದದ್ದು ನೀರು ಏರುತ್ತಿರುವ ಎರಡು-ಮೂರು ತಾಸು. ಆಗ ಕೆಸರು ಕಿರಿದಾಗುತ್ತ ಬಂದಂತೆ ಹಕ್ಕಿಗಳು ತಿನ್ನುತ್ತಲೇ ದಂಡೆಯ ಕಡೆಗೆ, ಅಂದರೆ ನಮ್ಮ ಕಡೆಗೆ ಸರಿಯುತ್ತವೆ.

ಈಗ ಪಂಚಾಂಗದ ಉಪಯೋಗ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಭರತವೂ ದೊಡ್ಡದು, ಇಳಿತವೂ ದೊಡ್ಡದು. ನಮ್ಮ ಕರಾವಳಿಯಲ್ಲಿ ಆ ದಿನಗಳ ಭರತ ನಡುಹಗಲಿನ ಹತ್ತಿರಕ್ಕೆ ಬರುತ್ತದೆ, ಇಳಿತ ಬೆಳಗಿನ ಜಾವ ಮತ್ತು ಸಂಜೆಗೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುವುಮುರುವು: ನಡುಹಗಲಿಗೆ ಇಳಿತ, ಅದೂ ಚಿಕ್ಕದು. ಹುಬ್ಬಳ್ಳಿಯಿಂದ ನಾಲ್ಕಕ್ಕೆ ಬಿಟ್ಟು ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಎಂಟರ ಸುಮಾರಿಗೆ ತಲುಪುವವರಿಗೆ ಇದು ಹೇಳಿ ಮಾಡಿಸಿದ ಲೆಕ್ಕ. ಹೋಳಿ ಹುಣ್ಣಿಮೆಯ ಬದಿಯ ದಿನ ಎಂಟರಿಂದ ಹನ್ನೊಂದರವರೆಗೆ ನೀರು ಏರುತ್ತಲೇ ಇರುತ್ತದೆ. ಯುಗಾದಿ ಬರುವುದೂ ಅಮಾವಾಸ್ಯೆಯ ಬೆನ್ನಿಗೇ. ಆ ದಿನದ ಕರಾರುವಾಕ್ ಸಮಯಕ್ಕೆ ಭರತದ ವೇಳಾಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಇಲ್ಲವೇ ಹಿಂದಿನ ದಿನ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.

ಮಾರ್ಚ್‌ನಲ್ಲಿ ಇಲ್ಲಿ ನೋಡಲೇಬೇಕಾದದ್ದು ಬಣ್ಣ. ಮರಳು ಪ್ಲವರ್ ಎಂಬ ಗುಬ್ಬಿಗಿಂತ ದೊಡ್ಡ ಪುಟ್ಟ ಹಕ್ಕಿ ಚಳಿಗಾಲವೆಲ್ಲ ಮೇಲೆ ಮಣ್ಣುಬೂದು, ಕೆಳಗೆ ಬಿಳಿ. ನೂರರ ಗುಂಪು ನಿಂತರೂ ಒಣ ಕೆಸರಿನ ಹೆಂಟೆಗಳೇ ಅನ್ನಿಸುತ್ತದೆ. ಮಾರ್ಚ್ ನಡುವಿನಿಂದ ಒಂದೊಂದರ ಎದೆಗೆ ಇಟ್ಟಿಗೆ ಕೆಂಪು ಹತ್ತತೊಡಗುತ್ತದೆ. ಒಂದಕ್ಕೆ ಬರೀ ಮಬ್ಬು ಗೆರೆ, ಪಕ್ಕದ್ದಕ್ಕೆ ಅರ್ಧ ಎದೆ, ಇನ್ನೊಂದಕ್ಕೆ ಪೂರ್ತಿ ಪಟ್ಟಿ ಮತ್ತು ಕಣ್ಣಿಗೆ ಕಪ್ಪು ಮುಸುಕು. ಅದರ ನಡಿಗೆಯೂ ಗುರುತು: ನಾಲ್ಕು ಹೆಜ್ಜೆ ಓಟ, ತಟ್ಟನೆ ನಿಲುಗಡೆ, ಕತ್ತು ಬಗ್ಗಿಸಿ ಒಂದು ಕುಕ್ಕು, ಮತ್ತೆ ಓಟ. ಕೆಳಗೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ಮೇಲಕ್ಕೆ ತುಸು ಬಾಗಿದ ಕೊಕ್ಕಿನ ಟೆರೆಕ್ ಗೊರವ, ಬೂದು ಬಣ್ಣದ ಕರಾವಳಿ ಬೆಳ್ಳಕ್ಕಿ ಎಲ್ಲ ಇದೇ ಬಯಲಿನಲ್ಲಿ.

ತದಡಿಯಿಂದ ಅಘನಾಶಿನಿ ಊರಿಗೆ ಹೊಳೆ ದಾಟಿಸುವ ದೋಣಿ ಇದೆ. ಹಕ್ಕಿ ದೋಣಿಯೇನಲ್ಲ, ಊರವರು ದಾಟುವ ದೋಣಿ. ಆದರೆ ರೀವಗಳು ತಲೆಯ ಮೇಲೇ ನಿಂತು ನೀರಿಗೆ ಧುಮುಕುವುದನ್ನು ಕಡಿಮೆ ದುಡ್ಡಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಆಸನವಿಲ್ಲ.

ಕಾರವಾರ: ಕಡಲಕ್ಕಿ ಕಲಿಯುವವರಿಗೆ

ಗೊರವಗಳ ಗೊಂದಲ ಬೇಡ, ಬಿಳಿ-ಬೂದು ಕಡಲಕ್ಕಿಗಳನ್ನು ಬಿಡಿಸಿ ಗುರುತಿಸುವುದನ್ನು ಕಲಿಯಬೇಕು ಅನ್ನುವವರಿಗೆ ಕಾರವಾರ. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗ, ಬೈತಖೋಲ್ ಮೀನು ಬಂದರು, ಟಾಗೋರ್ ಬೀಚು, ಮೂರೂ ಹತ್ತಿರ ಹತ್ತಿರ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮಾರ್ಚ್‌ನಲ್ಲಿ ಮೀನುಗಾರಿಕೆ ನಡೆದೇ ಇರುತ್ತದೆ, ದೋಣಿ ಬಂದರೆ ಹಿಂದೆಯೇ ಕಡಲಕ್ಕಿಗಳ ಮೆರವಣಿಗೆ.

ಕಂದುತಲೆ ಕಡಲಕ್ಕಿ ಲಡಾಖ್, ಟಿಬೆಟ್ ಕಡೆ ಮರಿ ಮಾಡುವುದು. ಚಳಿಗಾಲದಲ್ಲಿ ಇದರ ತಲೆ ಬಿಳಿ, ಕಿವಿಯ ಹತ್ತಿರ ಒಂದು ಮಸಿ ಚುಕ್ಕೆ. ಮಾರ್ಚ್‌ಗೆ ಕಾಫಿ ಬಣ್ಣದ ಟೊಪ್ಪಿಗೆ ಬರುತ್ತದೆ. ಕಪ್ಪುತಲೆ ಕಡಲಕ್ಕಿಗೂ ಅಂಥದ್ದೇ ಟೊಪ್ಪಿಗೆ ಬರುವುದರಿಂದ ತಲೆ ಬಿಟ್ಟು ಕಣ್ಣು ಮತ್ತು ರೆಕ್ಕೆ ನೋಡಿ. ಬೆಳೆದ ಕಂದುತಲೆಗೆ ತಿಳಿ ಬಣ್ಣದ ಕಣ್ಣು, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ. ಕಪ್ಪುತಲೆಗೆ ಕಪ್ಪು ಕಣ್ಣು, ರೆಕ್ಕೆಯ ಮುಂಅಂಚಿನಲ್ಲಿ ಬಿಳಿ ಪಟ್ಟಿ. ಇವೆರಡೂ ಅದರ ಮುಂದೆ ಮರಿಗಳಂತೆ ಕಾಣುವಷ್ಟು ದೊಡ್ಡ ಗಾತ್ರದ, ಅಚ್ಚ ಕಪ್ಪು ತಲೆಯ, ಹಳದಿ ಕೊಕ್ಕಿನ ತುದಿಗೆ ಕೆಂಪು-ಕಪ್ಪು ಬಳಿದಂಥ ಹಕ್ಕಿ ಕಂಡರೆ ಅದು ಪಲ್ಲಾಸ್ ಕಡಲಕ್ಕಿ. ಅವತ್ತಿನ ಪೆಟ್ರೋಲ್ ದುಡ್ಡು ವಸೂಲಾಯಿತು.

ಪಶ್ಚಿಮ ಕರಾವಳಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ, ಬೆಳಕೆಲ್ಲ ಸಮುದ್ರದ ಮೇಲೆ. ಮಧ್ಯಾಹ್ನದಿಂದ ಕಡಲ ಗಾಳಿ ಏಳುತ್ತದೆ, ಬಿಸಿಲ ಝಳಕ್ಕೆ ದೂರದ್ದೆಲ್ಲ ಕುಣಿಯುತ್ತದೆ, ಸಂಜೆಗೆ ಪ್ರತಿ ಹಕ್ಕಿಯೂ ಕಪ್ಪು ನೆರಳು. ಹಕ್ಕಿಯ ಕೆಲಸ ಹತ್ತೂವರೆಗೆ ಮುಗಿಯಿತು ಅಂದುಕೊಂಡು ಆಮೇಲೆ ಮೀನೂಟದ ಕಡೆ ನಡೆಯಿರಿ.

ದಂಡೆಯಲ್ಲಿ ಕುಳಿತು ಸ್ಕೂವಾ, ಶಿಯರ್‌ವಾಟರ್‌ನಂಥ ನಡುಗಡಲಿನ ಹಕ್ಕಿಗಳ ಸಾಲು ನೋಡುತ್ತೇನೆಂದು ಹೊರಟರೆ ಈ ಕಾಲದಲ್ಲಿ ನಿರಾಶೆಯೇ ಹೆಚ್ಚು. ಅವು ದಂಡೆಯ ಹತ್ತಿರ ಬರುವುದು ಮುಖ್ಯವಾಗಿ ಮಳೆಗಾಲದ ಬಿರುಗಾಳಿ ತಳ್ಳಿದಾಗ. ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿಯಲ್ಲಿ ಹೋಗುವವರಿಗೆ ದಾರಿಯಲ್ಲಿ ಒಂದೆರಡು ಸಿಕ್ಕಾವು, ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸಿಕ್ಕೀತು. ಆದರೆ ಆ ದೋಣಿಗಳು ಹೊರಡುವುದು ಡೈವಿಂಗ್ ಮಾಡುವವರಿಗಾಗಿ, ಅವರ ಹೊತ್ತಿಗೆ. ಹಕ್ಕಿಗಾಗಿಯೇ ಅಷ್ಟು ಖರ್ಚು ಮಾಡಿ ಎಂದು ನಾನಂತೂ ಹೇಳುವುದಿಲ್ಲ.

ಊರ ಕೆರೆಗಳು

ಉಣಕಲ್, ಕೆಲಗೇರಿ, ಹಾವೇರಿಯ ಹೆಗ್ಗೇರಿ, ಗದಗಿನ ಭೀಷ್ಮ ಕೆರೆ. ಇವು ಆಯ್ಕೆಗಿಂತ ಅಭ್ಯಾಸಕ್ಕೆ. ಗುಳುಮುಳುಕ, ನೇರಳೆ ಜಂಬುಕೋಳಿ, ನೀರುಕಾಗೆಗಳ ಪರಿಚಯ ಇಲ್ಲೇ ಆಗಿಬಿಟ್ಟರೆ ಮಾಗಡಿಯಲ್ಲಿ ಅವುಗಳ ಮೇಲೆ ಹೊತ್ತು ಕಳೆಯುವುದಿಲ್ಲ. ಬಾಲ ಕುಣಿಸುವ ಸಿಪಿಲೆಗಳು ಯಾವ ವಾರ ಮಾಯವಾದವು ಎಂದು ದಿನಾ ವಾಕಿಂಗ್ ಹೋಗುವವರು ಬರೆದಿಟ್ಟು, ಹಕ್ಕಿ ನೋಡಿದ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಅದೇ ದೊಡ್ಡ ಉಪಕಾರ.

ಕೈಯಲ್ಲಿ ಏನಿರಬೇಕು

ಒಂದೇ ದುರ್ಬೀನು ಕೊಳ್ಳುವುದಾದರೆ 8x42. ಎಂಟು ಪಟ್ಟು ಹತ್ತಿರ, 42 ಮಿಲಿಮೀಟರಿನ ಮುಂಗಾಜು. ನಸುಕಿನಲ್ಲೂ ಬೆಳಕು ಸಾಕಷ್ಟು ಒಳಗೆ ಬರುತ್ತದೆ, ಕೈ ನಡುಗಿದರೂ ಹಕ್ಕಿ ತಪ್ಪುವುದಿಲ್ಲ. ಹತ್ತು ಪಟ್ಟಿನದು ಕಡಲಿಗೆ ತುಸು ಅನುಕೂಲ, ಆದರೆ ಹಾರುವ ಸಾಲನ್ನು ಹಿಡಿಯಲು ಹೊಸಬರಿಗೆ ಕಷ್ಟ. ಮುಕ್ಕಾಲಿಯ ಮೇಲಿಡುವ ಸ್ಪಾಟಿಂಗ್ ಸ್ಕೋಪು ಮಾಗಡಿಗಿಂತ ಅಘನಾಶಿನಿಯಲ್ಲಿ ನಾಲ್ಕು ಪಟ್ಟು ಉಪಯೋಗ. ನಾಲ್ವರು ಹೋಗುವಾಗ ಒಂದಿದ್ದರೆ ಸಾಕು. ದೊಡ್ಡ ಲೆನ್ಸಿನ ಕ್ಯಾಮೆರಾ ಹೊತ್ತವರು ಹತ್ತಿರ ಹೋಗುವ ಆಸೆಗೆ ಬಿದ್ದು ಇಡೀ ಗುಂಪನ್ನು ಎಬ್ಬಿಸುವುದೇ ಹೆಚ್ಚು. ಸಾವಿರಾರು ಮೈಲಿ ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಗೆ ಪ್ರತಿಯೊಂದು ಏಳುವಿಕೆಯೂ ಖರ್ಚೇ. ಡ್ರೋನ್ ಅಂತೂ ಎರಡೂ ಕಡೆ ಬೇಡವೇ ಬೇಡ.

ನಡುವಿನ ಎರಡು ವಾರ, ಮತ್ತು ಹಾವೇರಿಯವರಿಗೆ

ಫೆಬ್ರುವರಿ ಕೊನೆಯಿಂದ ಮಾರ್ಚ್ ಎರಡನೇ ವಾರದವರೆಗೆ ಎರಡೂ ಸರಿ ಎನ್ನಿಸುವ ಹೊತ್ತಿನಲ್ಲಿ ನಾನು ಎರಡು ವಿಷಯ ನೋಡುತ್ತೇನೆ: ಮಾಗಡಿಯಲ್ಲಿ ನೀರು, ಪಂಚಾಂಗದಲ್ಲಿ ತಿಥಿ. ಗದಗ-ಲಕ್ಷ್ಮೇಶ್ವರ ಕಡೆಯ ಪರಿಚಯದವರಿಗೆ ಒಂದು ಫೋನು ಮಾಡಿದರೆ ಕೆರೆಯ ಸ್ಥಿತಿ ಗೊತ್ತಾಗುತ್ತದೆ. ನೀರಿದ್ದು ರವಿವಾರ ಅಷ್ಟಮಿಯ ಹತ್ತಿರ ಬಿದ್ದರೆ ಮಾಗಡಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹತ್ತಿರ ಬಿದ್ದರೆ ಅಘನಾಶಿನಿ. ಬಣ್ಣದಾಟ ಬೇಡ ಅನ್ನುವ ಹುಬ್ಬಳ್ಳಿಯವರಿಗೆ ರಂಗಪಂಚಮಿಯ ದಿನ ಊರು ಬಿಡಲು ಇದೊಂದು ಒಳ್ಳೆಯ ನೆಪ. ಆದರೆ ಅದು ಹುಣ್ಣಿಮೆಯಾಗಿ ಐದನೆಯ ದಿನ; ಅಷ್ಟರಲ್ಲಿ ಭರತ ಮಧ್ಯಾಹ್ನದ ನಂತರಕ್ಕೆ ಜಾರಿರುತ್ತದೆ, ಆದ್ದರಿಂದ ನಾಲ್ಕಕ್ಕೆ ಏಳದೆ ಏಳಕ್ಕೆ ಹೊರಟರೂ ನಡೆಯುತ್ತದೆ. ಬೆಳಕು ಮಾತ್ರ ಅಷ್ಟು ಚೆನ್ನಾಗಿ ಸಿಗದು.

ಹಾವೇರಿಯಿಂದ ಹೊರಡುವವರಿಗೆ ಎರಡೂ ದಾರಿ ಬೇರೆ. ಮಾಗಡಿಗೆ ಸವಣೂರು-ಲಕ್ಷ್ಮೇಶ್ವರದ ಮೇಲೆ ಹೋದರೆ ಹತ್ತಿರ, ಮರಳುವಾಗ ಸವಣೂರಿನ ದೊಡ್ಡಹುಣಸೆ ಮರಗಳನ್ನೂ ನೋಡಬಹುದು, ಖಾರಾ ಕಟ್ಟಿಸಿಕೊಳ್ಳಬಹುದು. ಕಡಲಿಗೆ ಹಾನಗಲ್-ಶಿರಸಿ-ದೇವಿಮನೆ ಘಟ್ಟ ಇಳಿದರೆ ನೇರ ಕುಮಟಾ, ಹುಬ್ಬಳ್ಳಿಯವರಂತೆ ಅಂಕೋಲಾ ಸುತ್ತಬೇಕಿಲ್ಲ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನ ಶಿರಸಿಯಲ್ಲಿ ಕೇಳಿಕೊಂಡು ಹೊರಡಿ.